ಹ್ಞೂಂ ಇಲ್ಲದ ಹದಿನೈದು ನಿಮಿಷ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ನಾಗರತ್ನಾ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ಫ್ಯಾನ್ ಆರಿಸಿ, ರೆಕಾರ್ಡರ್ ಎದುರು ಕುಳಿತು, ತಾನು ಓದಿದ ಕಾದಂಬರಿಯ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಿದ್ದಳು. ಅದು ಪೂರ್ವಾಭ್ಯಾಸ.

ಇಂದಿರಾನಗರದ ನಮ್ಮ ಅಂತರರಾಷ್ಟ್ರೀಯ ಶಾಲೆಯಲ್ಲಿ ಮನೆಮಾತಿನ ಸಾಹಿತ್ಯವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಆ ಭಾಷೆಗೆ ಶಿಕ್ಷಕರಿಲ್ಲದಿದ್ದರೆ ವಿದ್ಯಾರ್ಥಿಯೇ ಓದಿಕೊಳ್ಳಬೇಕು. ಆ ವರ್ಷ ಕನ್ನಡ ಆರಿಸಿಕೊಂಡವಳು ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದ ಇವಳೊಬ್ಬಳೇ. ಉಳಿದವರು ತರಗತಿಗೆ ಹೋದಾಗ ಇವಳು ಗ್ರಂಥಾಲಯದ ಮೂಲೆಗೆ ಹೋಗುತ್ತಿದ್ದಳು.

"ನಿನ್ ಕ್ಲಾಸಲ್ಲಿ ಫಸ್ಟೂ ನೀನೇ, ಲಾಸ್ಟೂ ನೀನೇ, ಮಗಾ," ಎಂದು ಸಹಪಾಠಿ ಮಾರಿಯಾ ನಗುತ್ತಿದ್ದಳು.

ಪರೀಕ್ಷೆಯಲ್ಲಿ ಹದಿನೈದು ನಿಮಿಷ ಒಬ್ಬಳೇ ಮಾತಾಡಬೇಕು. ಒಂದೇ ಅವಕಾಶ. ಮೇಲ್ವಿಚಾರಕ ಸದ್ದು ಮಾಡುವಂತಿಲ್ಲ. ಇದರಲ್ಲಿ ಫೇಲಾದರೆ ಇಡೀ ಪ್ರಮಾಣಪತ್ರವೇ ಇಲ್ಲ. ನಾನು ಕಲಿಸುವುದು ಭೌತಶಾಸ್ತ್ರವಾದರೂ, ಕನ್ನಡ ಬರುತ್ತದೆ ಎಂಬ ಕಾರಣಕ್ಕೆ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು.

ಪೂರ್ವಾಭ್ಯಾಸದಲ್ಲಿ ಅವಳು ಮೂವತ್ತೊಂದು ಸಲ ನಿಂತಳು. ಒಟ್ಟು ನಾಲ್ಕು ನಿಮಿಷ ಹತ್ತು ಸೆಕೆಂಡು ಮೌನ. ಸಮಯ ಮುಗಿದಾಗ ಮಾತು ಇನ್ನೂ ಬಹಳ ಉಳಿದಿತ್ತು.

"ಮರೆತು ಹೋಯ್ತಾ?"

"ಇಲ್ಲ ಸರ್. ನೀವು ಹ್ಞೂಂ ಅನ್ಲಿಲ್ಲ."

ಆಗ ವಿಷಯ ತಿಳಿಯಿತು. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಅವಳು ಈ ವಿಷಯಕ್ಕೆ ಓದಬೇಕಿದ್ದ ಏಳೂ ಪುಸ್ತಕಗಳನ್ನು ತಾಯಿ ಶೇಷಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದ್ದಳು. ಶೇಷಮ್ಮ ಯಾದಗಿರಿ ಕಡೆಯವರು, ಮಹದೇವಪುರದ ಫ್ಲ್ಯಾಟುಗಳಲ್ಲಿ ಅಡುಗೆ ಕೆಲಸ, ಓದು ಬರದು. ಸಂಜೆ ರೊಟ್ಟಿ ಬಡಿಯುತ್ತಾ ಕೇಳುತ್ತಿದ್ದರು. ಕಥೆ ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಹೇಳುವವರು ಮುಂದೆ ಹೋಗಬಾರದು. ಆ ಮನೆಯಲ್ಲಿ ಇದು ರೂಢಿ. ಹೂಂಗುಟ್ಟುವ ಜೊತೆಗೆ, "ಆಕಿ ಹಂಗ ಮಾಡಬಾರದಿತ್ತು ನೋಡು," ಎಂಬಂಥ ವಿಮರ್ಶೆಯೂ ಇರುತ್ತಿತ್ತು. ನಾಗರತ್ನಾಳಿಗೆ ಇದ್ದ ಮೇಷ್ಟ್ರು ಅವರೊಬ್ಬರೇ.

ಅಂದೇ ಸಂಜೆಯಿಂದ ತಾಯಿ ಬಾಯಿ ತೆರೆಯಬಾರದೆಂದು ನಾನು ಹೇಳಿಕಳಿಸಿದೆ. ಮಗಳು ಮಾತಾಡಬೇಕು, ತಾಯಿ ಸುಮ್ಮನೆ ಕೂರಬೇಕು. ನವೆಂಬರ್ ಎಂಟರ ಪೋಷಕರ ಸಭೆಯಲ್ಲಿ ಶೇಷಮ್ಮ ನನ್ನನ್ನು ಹುಡುಕಿಕೊಂಡು ಬಂದರು.

"ಸಾಲ್ಯಾಗ ಮಾತಾಡೂದು ಕಲಸ್ತಾರಂತ ಕಳಿಸೀನ್ರಿ ಸರ್. ನೀವು ನನಗ ಬಾಯಿ ಮುಚ್ಚೂದು ಕಲಿಸಿದ್ರಿ."

"ಪರೀಕ್ಷೆ ಮುಗಿಯೋವರೆಗೆ ಅಷ್ಟೇ, ಅಮ್ಮ. ಕಷ್ಟ ಆಗ್ತಿದ್ಯಾ?"

"ಆಕಿ ಗ್ವಾಡಿ ಮುಂದ ಮಾತಾಡಿದಂಗ ಮಾತಾಡ್ತಾಳ್ರಿ. ನಾ ಗ್ವಾಡಿ ಆಗಿ ಕುಂದರ್ತೀನಿ."

ನವೆಂಬರ್ ಹದಿನೆಂಟರಂದು ಅಂತಿಮ ರೆಕಾರ್ಡಿಂಗ್ ಆಯಿತು. ಹದಿನಾಲ್ಕು ನಿಮಿಷ ಐವತ್ತೆರಡು ಸೆಕೆಂಡು. ಒಮ್ಮೆಯೂ ನಿಲ್ಲಲಿಲ್ಲ, ಒಮ್ಮೆಯೂ ನನ್ನತ್ತ ನೋಡಲಿಲ್ಲ. ಮುಗಿದ ಮೇಲೆ ಚೆನ್ನಾಗಿತ್ತು ಎಂದೆ. ತಲೆಯಾಡಿಸಿ, ಫ್ಯಾನ್ ಹಾಕಿ ಹೊರಟಳು.

ಡಿಸೆಂಬರ್ ರಜೆಗೆ ಮುನ್ನ, ಹತ್ತೊಂಬತ್ತರ ಬೆಳಿಗ್ಗೆ, ಗ್ರಂಥಾಲಯದಲ್ಲಿ ಸಿಕ್ಕಳು.

"ಈಗ ಅಮ್ಮನಿಗೆ ಓದಿ ಹೇಳ್ತೀಯಾ?"

"ದಿನಾ ಓದ್ತೀನಿ ಸರ್. ಅವ್ವ ಹ್ಞೂಂ ಅನ್ನಲ್ಲ. ರಿಸಲ್ಟ್ ಬರೋತನಕ ಬ್ಯಾಡ ಅಂತಾಳೆ. ತಾನು ಬಾಯಿ ಬಿಟ್ರೆ ನನಗೆ ಮತ್ತೆ ಅದೇ ಚಾಳಿ ಬಂದು ಫೇಲಾಗ್ತೀನಂತೆ. ರೆಕಾರ್ಡಿಂಗ್ ಕಳಿಸಾಯ್ತು ಅಂದ್ರೂ ನಂಬಲ್ಲ."

ಫಲಿತಾಂಶ ಬರುವುದು ಜುಲೈನಲ್ಲಿ.

"ಅಮ್ಮ ಹ್ಞೂಂ ಅನ್ನದೆ ಎಷ್ಟು ದಿನ ಆಯ್ತು?"

ಅವಳು ಲೆಕ್ಕ ಹಾಕಲು ನಿಲ್ಲಲಿಲ್ಲ.

"ಅರವತ್ತಾರು."