ಏಕಾದಶಿಯ ಮಾತ್ರೆ

ಏಕಾದಶಿಯ ದಿನ ಜಾನಕಮ್ಮನ ಬಾಯಿಗೆ ತೊಟ್ಟು ನೀರೂ ಹೋಗುವಂತಿರಲಿಲ್ಲ. ನೀರು ಹೋಗದಿದ್ದ ಮೇಲೆ ಫಿಟ್ಸಿನ ಮಾತ್ರೆಯೂ ಹೋಗುತ್ತಿರಲಿಲ್ಲ. ಮರುದಿನ ದ್ವಾದಶಿ. ಬೆಳಕು ಹರಿಯುವ ಮೊದಲೇ ಮಡಿಯುಟ್ಟು ಪಾರಣೆಯ ಅಡುಗೆಗೆ ಒಲೆ ಹಚ್ಚುವಾಗ ಎಷ್ಟೋ ಸಲ ಆಕೆಯ ಕೈಕಾಲು ಸೆಟೆದುಕೊಳ್ಳುತ್ತಿದ್ದವು. ಮುಳಬಾಗಿಲಿನ ಆ ಬೀದಿಗೆಲ್ಲ ಇದು ಗೊತ್ತಿತ್ತು. ಇದೇ ಕಾಯಿಲೆಯ ದೆಸೆಯಿಂದ ನೋಡಲು ಬಂದ ಗಂಡುಗಳೆಲ್ಲ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿ, ಆಕೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಾ ಒಬ್ಬಳೇ ಉಳಿದಳು.

ತಮ್ಮ ಸುಮಧ್ವ ಕೋಲಾರದ ಒಂದು ಫಾರ್ಮಸಿ ಕಾಲೇಜಿನಲ್ಲಿ ಮೇಷ್ಟ್ರು. ಮಾತ್ರೆ ಮಾಡುವ ವಿದ್ಯೆ ಕಲಿತವನು, ಅಕ್ಕನಿಗೆ ಒಂದು ಮಾತ್ರೆ ನುಂಗಿಸಲಾರ! ತೊಂಬತ್ತೆರಡರಲ್ಲಿ ಒಮ್ಮೆ ದೊಡ್ಡ ಜಗಳವೇ ಆಯಿತು.

"ಔಷಧಿಗೆ ದೋಷ ಇಲ್ಲ ಅಂತ ಶಾಸ್ತ್ರದಲ್ಲೇ ಇದೆ. ಅಷ್ಟೂ ತಿಳಿಯಲ್ವಾ ಅಕ್ಕಾ ನಿಂಗೆ?" ಎಂದು ಅವನು ಕೂಗಾಡಿದ.

"ಶಾಸ್ತ್ರ ನಂಗೆ ಹೇಳ್ಕೊಡೋಕೆ ಬಂದ್ಯಾ? ಬಾಯಿಗೆ ಏನೂ ಹಾಕಲ್ಲ, ಹೋಗೋ" ಎಂದಳು ಆಕೆ.

ಸುಮಧ್ವ ಹೋದ. ಹಟದಲ್ಲಿ ಇಬ್ಬರೂ ಒಂದೇ ಹೊಟ್ಟೆಯ ಮಕ್ಕಳು ತಾನೆ.

ಬಾಯಿ ಬೇಡವಾದರೆ ಮೂಗಾಗಲಿ ಎಂದುಕೊಂಡ. ಮೂಗಿನ ಮೇಲ್ಭಾಗದ ನರಗಳು ನೇರ ಮಿದುಳಿಗೇ ಹೋಗುತ್ತವೆ. ಆ ದಾರಿಯಲ್ಲಿ ಮದ್ದು ಕಳಿಸಬಾರದೇಕೆ? ಆದರೆ ಮೂಗಿಗೆ ಬಿಟ್ಟ ಹನಿ ಗಂಟಲಿಗೆ ಇಳಿದುಬಿಡುತ್ತದೆ. ತಣ್ಣಗಿದ್ದಾಗ ನೀರಾಗಿದ್ದು, ಮೈಯ ಬಿಸಿ ತಾಕಿದೊಡನೆ ಗಂಜಿಯಂತೆ ಗಟ್ಟಿಯಾಗಿ ಅಲ್ಲೇ ಅಂಟಿಕೊಳ್ಳುವ ಮದ್ದು ಬೇಕು. ಅದಕ್ಕೆ ವರ್ಷಗಟ್ಟಲೆ ಹಿಡಿಯಿತು. ಸಂಜೆ ಉಳಿದ ಮೇಷ್ಟ್ರುಗಳು ಹೆಂಡತಿ ಮಕ್ಕಳ ಬಳಿಗೆ ಹೋದ ಮೇಲೆ ಅವನಿಗೆ ಪ್ರಯೋಗದ ಇಲಿಗಳೇ ಜೊತೆ. ಮದುವೆಯ ಮಾತು ಬಂದಾಗ "ಅಕ್ಕನದೇ ಆಗಲಿಲ್ಲ, ನನ್ನದೇನು" ಎಂದುಬಿಟ್ಟಿದ್ದ. ವಠಾರದ ಕೋಣೆಯಲ್ಲಿ ತನ್ನ ಅನ್ನ ತಾನೇ ಬೇಯಿಸಿಕೊಂಡು, ಉಣ್ಣುವಾಗ ರೇಡಿಯೋ ಹಾಕುತ್ತಿದ್ದ. ಒಂದು ದನಿಯಾದರೂ ಇರಲಿ ಎಂದು. ರಜೆ ಸಿಕ್ಕರೆ ಮುಳಬಾಗಿಲಿಗೆ ಹೋಗುವನು, ಏಕಾದಶಿ ದ್ವಾದಶಿಗೆ ಮಾತ್ರ ಹೋಗನು. ಆ ದಿನಗಳಲ್ಲಿ ಅಕ್ಕನನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

"ಎಲ್ಲಿಗೆ ಬಂತೋ ನಿನ್ನ ಮೂಗಿನ ಮದ್ದು?" ಎಂದು ಜಾನಕಮ್ಮ ಕೇಳುವಳು.

"ಇಲಿಗಳಲ್ಲಿ ಗೆದ್ದಿದೆ ಅಕ್ಕಾ. ಮನುಷ್ಯರಿಗೆ ಕೊಡೋಕೆ ಇನ್ನೂ ಎಷ್ಟೋ ಪರೀಕ್ಷೆ ಆಗ್ಬೇಕು."

"ಇಲಿಗಳೇನ್ ಏಕಾದಶಿ ಮಾಡ್ತಾವೇನೋ?" ಎಂದು ಆಕೆ ನಗುವಳು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಮೂಗಿನ ಮದ್ದಿನ ಬಗ್ಗೆ ಅವನು ಬರೆದ ಪ್ರಬಂಧ ದೂರದ ದೇಶಗಳನ್ನು ಮುಟ್ಟಿತ್ತು. ಕೈನಡುಕದ ಕಾಯಿಲೆಗೆ, ಮರೆವಿನ ಕಾಯಿಲೆಗೆ ಇದೇ ದಾರಿ ಹಿಡಿಯುತ್ತೇವೆಂದು ಮುಖ ಕಾಣದವರು ಬರೆದರು. ಹೈದರಾಬಾದಿನ ಸಮ್ಮೇಳನದಲ್ಲಿ ಶಾಲು ಹೊದಿಸಿದರು. ಅದನ್ನು ಅಕ್ಕನಿಗೆ ಹೊದಿಸಬೇಕೆಂಬ ಆಸೆಯಲ್ಲಿ ಸುಮಧ್ವ ಬಸ್ಸಿಳಿದು ನೇರ ಮುಳಬಾಗಿಲಿನ ಮನೆಗೆ ಬಂದ. ಅಂದು ದ್ವಾದಶಿ ಎಂಬುದೇ ಅವನಿಗೆ ಮರೆತುಹೋಗಿತ್ತು.

ಬಾಗಿಲಲ್ಲಿ ಹಾಲು ಹಾಕುವ ಮುನಿಶಾಮಮ್ಮ ನಿಂತಿದ್ದಳು. "ಬೆಳಿಗ್ಗೆ ಒಲೆ ಮೇಲೇ ಬಿದ್ಬಿಟ್ಟವ್ರೆ ಸಾಮಿ. ನಾನು ಬರೋ ಹೊತ್ಗೆ ಬಲಗೈ ಬೆಂದೋಗಿತ್ತು. ಆಸ್ಪತ್ರೆಗೆ ಕರ್ಕೊಂಡೋಗಿ ಕಟ್ಟು ಹಾಕಿಸ್ದೆ."

ಜಾನಕಮ್ಮ ಗೋಡೆಗೊರಗಿ ಕೂತಿದ್ದಳು. ಸುಮಧ್ವ ಪಕ್ಕದಲ್ಲಿ ಕುಸಿದು ಅತ್ತುಬಿಟ್ಟ. "ಇಷ್ಟು ವರ್ಷ ನಿಂಗೋಸ್ಕರಾನೇ ಮಾಡಿದ್ದು ಅಕ್ಕಾ. ನಿಂಗೇ ಮುಟ್ಟಿಸೋಕಾಗ್ಲಿಲ್ಲ."

ಆಕೆ ಎಡಗೈಯಿಂದ ಅವನ ತಲೆ ಸವರಿದಳು. "ಒಂದು ಏಕಾದಶಿ ಬಂದು ಹೀಗೇ ಪಕ್ಕದಲ್ಲಿ ಕೂತು, 'ನಂಗೋಸ್ಕರ ನುಂಗೇ ಅಕ್ಕಾ' ಅಂದಿದ್ರೆ ನುಂಗಿರ್ತಿದ್ದೆ ಕಣೋ. ದೇವರಿಗೆ ನಾನೇ ಏನೋ ಒಂದು ಹೇಳ್ಕೋತಿದ್ದೆ. ನೀನು ಶಾಸ್ತ್ರ ಹೇಳ್ದೆ, ಆಮೇಲೆ ಇಲಿಗಳ ಹಿಂದೆ ಹೋದೆ."

ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಗಿತ್ತು. ಕೋಲಾರದಿಂದ ಮುಳಬಾಗಿಲಿಗೆ ಎಷ್ಟು ಹೊತ್ತಿನ ದಾರಿ? ಅಲ್ಲಿ ಅವನು ಒಂಟಿ, ಇಲ್ಲಿ ಇವಳು ಒಂಟಿ. ನಡುವೆ ಓಡಾಡುತ್ತಿದ್ದ ಬಸ್ಸನ್ನು ಬೇಕಾದ ದಿನ ಅವನು ಹತ್ತಿರಲಿಲ್ಲ.

ಮುಂದಿನ ಏಕಾದಶಿಗೆ ರಜೆ ಹಾಕಿ ಬಂದ. ಮಾತ್ರೆಯನ್ನೂ ಒಂದು ಉದ್ಧರಣೆ ನೀರನ್ನೂ ಹಿಡಿದು, "ನಂಗೋಸ್ಕರ ಅಕ್ಕಾ" ಎಂದ. ಜಾನಕಮ್ಮ ದೇವರ ಮನೆಯ ಕಡೆ ಒಮ್ಮೆ ನೋಡಿ, ಕಣ್ಣು ಮುಚ್ಚಿ ನುಂಗಿದಳು. ಆಮೇಲೆ ಪ್ರತಿ ಏಕಾದಶಿಗೂ ಬಂದ. ದ್ವಾದಶಿಯ ಫಿಟ್ಸ್ ನಿಂತಿತು. ಬೆಂದ ಬೆರಳುಗಳು ಮಾತ್ರ ಮಡಿಚಿಕೊಂಡೇ ಉಳಿದವು. ಬತ್ತಿ ಹೊಸೆಯಲು ಆಕೆಗೆ ಆಗುತ್ತಿರಲಿಲ್ಲ. ಸುಮಧ್ವ ಹತ್ತಿ ಎಳೆದುಕೊಂಡು ತಾನೇ ಹೊಸೆಯಲು ಕೂತ.

"ದಪ್ಪ ಆಯ್ತು ಕಣೋ" ಎಂದಳು ಅಕ್ಕ.

ಅವನು ಬಿಚ್ಚಿ ಮತ್ತೆ ಹೊಸೆದ.