ಅಕ್ಕ ತಿರುಗಿಸಿಟ್ಟ ಅಡಿಗಲ್ಲು

ನನ್ನ ಅಕ್ಕ ಬಹಳ ಸಾಧು ಹೆಂಗಸು ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಾಧುವಂತೆ, ಸಾಧು. ದಿನಕ್ಕೆ ಎಂಟು ಗಂಟೆ ಕಲ್ಲು ಸೀಳಿ ಬದುಕಿದವಳು ಅವಳು. ಬಾಯಿ ಮುಚ್ಚಿಕೊಂಡಿರುತ್ತಿದ್ದಳು, ಅಷ್ಟೆ. ಬಾಯಿ ಮುಚ್ಚಿಕೊಂಡವರೆಲ್ಲ ಸಾಧುಗಳಾದರೆ ನಮ್ಮ ಶೆಡ್ಡಿನ ಬಾಗಿಲೂ ಸಾಧುವೇ.

ನಮ್ಮದು ಚಕಮಕಿ ಕಲ್ಲಿನ ಕೆಲಸ. ಹಳೇ ಕಾಲದ ಬಂದೂಕು ಇಟ್ಟುಕೊಂಡು ಢಂ ಅನ್ನಿಸುವ ಹುಚ್ಚು ಕೆಲವರಿಗಿದೆ. ಅದಕ್ಕೆ ಕಿಡಿ ಹಾರಿಸಲು ಹೆಬ್ಬೆರಳುಗುರಿನಷ್ಟು ಅಗಲದ ಕಲ್ಲು ಬೇಕು. ತಗಡಿನ ಶೆಡ್ಡಿನಲ್ಲಿ ಎಂಟು ಜನ ಸಾಲಾಗಿ ಕೂರುತ್ತಿದ್ದೆವು. ಒಬ್ಬೊಬ್ಬರ ಮುಂದೆ ಒಂದು ಮರದ ಕೊರಡು, ಕೊರಡಿನ ಗುಳಿಯಲ್ಲಿ ಮರಳಿನ ಚೀಲ, ಅದರ ಮೇಲೆ ಅಡಿಗಲ್ಲು, ಅಲುಗದ ಹಾಗೆ ಸುತ್ತ ಬೆಣೆ. ತೊಡೆಗೆ ದಪ್ಪ ತೊಗಲು ಕಟ್ಟಿಕೊಂಡು, ಒಂದು ಕೈಯಲ್ಲಿ ಚಕಮಕಿಯನ್ನು ಅಡಿಗಲ್ಲಿನ ಅಂಚಿನ ಮೇಲೆ ಊರಿ, ಇನ್ನೊಂದು ಕೈಯಲ್ಲಿ ಸುತ್ತಿಗೆಯಿಂದ ಹೊಡೆಯಬೇಕು. ಪೆಟ್ಟು ಮೇಲಿನಿಂದ ಬೀಳುತ್ತದೆ, ಅಡಿಗಲ್ಲು ಅದನ್ನೇ ಕೆಳಗಿನಿಂದ ವಾಪಸು ಕೊಡುತ್ತದೆ, ನಡುವೆ ಸಿಕ್ಕಿದ ಕಲ್ಲು ಸೀಳುತ್ತದೆ. ಸಿಡಿದ ಚೂರು ಗಾಜಿಗಿಂತ ಹರಿತ. ಅದು ಗೋಡೆಯ ಕಡೆಗೇ ಹಾರಲಿ ಎಂದು ಕೆಳಗಿನ ಮರಳನ್ನು ಒಂದು ಪಕ್ಕಕ್ಕೆ ಅರ್ಧ ಬೆರಳು ಎತ್ತರ ಮಾಡಿ ಕಲ್ಲನ್ನು ಓರೆಯಾಗಿ ಕೂರಿಸುತ್ತಿದ್ದೆವು. ಆ ಓರೆ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ಹೊಡೆಯುವ ಕೈಗೆ ಅದು ಉಲ್ಟಾ ಆದರೆ ಚೂರು ಮುಖಕ್ಕೇ ಬರುತ್ತದೆ. ಕನ್ನಡಕವನ್ನೂ ಕೊಟ್ಟಿದ್ದರು, ಬೆವರಿಗೆ ಮಂಜಾಗುತ್ತದೆ ಎಂದು ಎಲ್ಲರೂ ಮೊಳೆಗೆ ನೇತುಹಾಕಿದ್ದೆವು.

ನಾನು ಅಕ್ಕನ ಪಕ್ಕದಲ್ಲೇ ಕೂರುತ್ತಿದ್ದೆ. ಭಾವನೂ ಅದೇ ಸಾಲಿನಲ್ಲಿ, ಬಾಗಿಲ ಪಕ್ಕ. ಕೆಲಸಗಾರನೇ, ಇಲ್ಲ ಎನ್ನುವುದಿಲ್ಲ, ಆದರೆ ಅಕ್ಕನ ಕೈ ಮುಂದೆ ಅವನದು ಕೈಯೇ ಅಲ್ಲ. ಒಂದು ಮಧ್ಯಾಹ್ನ ಮೇಸ್ತ್ರಿ ಅವನ ತಟ್ಟೆಯ ಕಲ್ಲುಗಳನ್ನೆಲ್ಲ ಕಸದ ಡಬ್ಬಿಗೆ ಸುರಿದು, ಹೆಂಡತಿ ಹತ್ತಿರ ಹೋಗಿ ಕಲಿತುಕೋ ಎಂದುಬಿಟ್ಟ. ಭಾವ ಎದ್ದು ಬಂದು, ಅಕ್ಕನ ಬಲಗೈಯನ್ನು ಅವಳದೇ ಅಡಿಗಲ್ಲಿನ ಮೇಲೆ ಒತ್ತಿ ಹಿಡಿದು, ಅವಳದೇ ಸುತ್ತಿಗೆಯಿಂದ ಮಣಿಕಟ್ಟಿಗೆ ಎರಡು ಸಲ ಹೊಡೆದ. ಮೊದಲ ಪೆಟ್ಟಿಗೇ ಮೂಳೆ ಮುರಿದ ಸದ್ದು ಕೇಳಿತ್ತು. ಇನ್ನೊಂದು ಯಾಕೆ ಹೊಡೆದನೋ, ಆ ಪಾಪಿಗೇ ಗೊತ್ತು. ಗಂಡ ಹೆಂಡತಿ ವಿಷಯ ಎಂದು ಮೇಸ್ತ್ರಿ ಸಿಗರೇಟು ಹಚ್ಚಿಕೊಂಡು ಹೊರಗೆ ಹೋದ. ಉಳಿದ ಆರು ಜನ ತಲೆ ತಗ್ಗಿಸಿಕೊಂಡು ನಮ್ಮ ನಮ್ಮ ಕಲ್ಲು ನೋಡುತ್ತಿದ್ದೆವು. ಥೂ ನನ್ನ ಜನ್ಮಕ್ಕಿಷ್ಟು, ಆ ಆರರಲ್ಲಿ ನಾನೂ ಒಬ್ಬಳು.

ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಆ ಕೈಯಲ್ಲಿ ಕಲ್ಲು ಹಿಡಿಯಬಹುದಿತ್ತು, ಸುತ್ತಿಗೆ ಎತ್ತಲು ಆಗುತ್ತಿರಲಿಲ್ಲ. ಅಕ್ಕ ಬೆಣೆ ಬಿಚ್ಚಿ, ಮರಳಿನ ಎತ್ತರವನ್ನು ಇನ್ನೊಂದು ಪಕ್ಕಕ್ಕೆ ಮಾಡಿ, ಅಡಿಗಲ್ಲನ್ನು ತಿರುಗಿಸಿಕೊಂಡು ಎಡಗೈಯಲ್ಲಿ ಹೊಡೆಯಲು ಕಲಿತಳು. ಆರು ತಿಂಗಳು ಬೆರಳು ಜಜ್ಜಿಕೊಂಡಳು. ಎರಡು ಉಗುರು ಹೋದವು, ಮತ್ತೆ ಬರಲೇ ಇಲ್ಲ. ಏಳನೇ ತಿಂಗಳಿಗೆ ಎಲ್ಲರಿಗಿಂತ ಮೊದಲು ಅವಳ ತಟ್ಟೆ ತುಂಬಿತು. ಇನ್ನೊಂದು ಕೈ ಉಳಿದಿದೆಯಲ್ಲ, ಅದನ್ನೂ ವಿಚಾರಿಸಿಕೊಳ್ಳುತ್ತೇನೆ ಎಂದು ಭಾವ ಊಟಕ್ಕೆ ಕೂತಾಗ ಹೇಳಿದನಂತೆ. ಪಾತ್ರೆ ಉಜ್ಜುತ್ತ ಅಕ್ಕ ಅದನ್ನು ನನಗೆ ತಣ್ಣಗೆ ಹೇಳಿದಳು. ಅವನನ್ನು ಬಿಟ್ಟು ಹೋಗಲು ಅವಳು ಒಂದು ಬಾಡಿಗೆ ಕೋಣೆ ನೋಡಿಟ್ಟಿದ್ದಳು, ಅದು ನನಗೊಬ್ಬಳಿಗೇ ಗೊತ್ತಿತ್ತು. ಆ ಎಡಗೈ ಹೋದರೆ ದುಡಿಮೆಯಿಲ್ಲ, ಕೋಣೆಯೂ ಇಲ್ಲ.

ನಮ್ಮ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ಬೇರೆಯವರ ಅಡಿಗಲ್ಲಿಗೆ ಕೂರುವವರು, ಕಲ್ಲು ನೆಟ್ಟಗಿದೆಯಾ, ಅಂದರೆ ಓರೆ ತಮ್ಮ ಕೈಗೆ ಸರಿಯಾಗಿದೆಯಾ, ಎಂದು ಪಕ್ಕದವರನ್ನು ಕೇಳಬೇಕು. ಪಕ್ಕದವರು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಮಾತು ಬಿಟ್ಟವರು, ಕೋರ್ಟು ಹತ್ತಿದವರು ಕೂಡ ಇದೊಂದಕ್ಕೆ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ.

ಒಂದು ದಿನ ಭಾವನ ಅಡಿಗಲ್ಲು ಬಿರುಕು ಬಿಟ್ಟಿತು. ಮೇಸ್ತ್ರಿ ಅಕ್ಕನನ್ನು ಹಿಂದಿನ ಕೋಣೆಗೆ ಕಲ್ಲು ವಿಂಗಡಿಸಲು ಕಳಿಸಿ, ಅವಳ ಜಾಗಕ್ಕೆ ಭಾವ ಕೂರಲಿ, ನೀನು ಕಲ್ಲನ್ನು ಬಲಗೈಗೆ ತಿರುಗಿಸಿಡು ಎಂದು ನನಗೆ ಹೇಳಿದ. ನಾನು ಬೆಣೆ ಬಿಚ್ಚಿದೆ. ಕಲ್ಲಿನ ಒಂದು ಮೂಲೆಯಲ್ಲಿ ಅಕ್ಕನ ಒಣಗಿದ ರಕ್ತ ಇನ್ನೂ ಕಪ್ಪಗೆ ಅಂಟಿತ್ತು. ಮರಳನ್ನು ಮುಟ್ಟದೆ, ಕಲ್ಲನ್ನು ಇದ್ದ ಹಾಗೇ ಬಿಟ್ಟು, ಬೆಣೆ ಬಡಿದೆ.

ಭಾವ ಬಂದು ತೊಗಲು ಕಟ್ಟಿಕೊಂಡ. "ಕಲ್ಲು ನೆಟ್ಟಗಿದೆಯೇನೇ?" ಎಂದು ಕೇಳಿದ.

"ನೆಟ್ಟಗಿದೆ ಭಾವ," ಎಂದೆ.

ಹೆಂಡತಿಯ ಜಾಗದಲ್ಲಿ ಕೂತ ಸಿಟ್ಟು ಬೇರೆ ಇತ್ತಲ್ಲ, ಮೈಯ ಬಲವನ್ನೆಲ್ಲ ಹಾಕಿ ಹೊಡೆದ. ಚೂರು ಗೋಡೆಗೆ ಹೋಗಲಿಲ್ಲ. ಎರಡು ಕೈಯಿಂದ ಮುಖ ಮುಚ್ಚಿಕೊಂಡು ಬಿದ್ದ, ಬೆರಳ ಸಂದಿಯಿಂದ ರಕ್ತ ಇಳಿದು ತೊಗಲಿನ ಮೇಲೆ ತೊಟ್ಟಿಕ್ಕಿತು. ಒಂದು ಕಣ್ಣು ಹೋಯಿತು. ನನಗೆ ಅಯ್ಯೋ ಎನ್ನಿಸಲಿಲ್ಲ. ಖುಷಿಯಾಯಿತು.

ಇಪ್ಪತ್ತು ದಿನಕ್ಕೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಶೆಡ್ಡಿಗೆ ಬಂದ. ಕೈಯಲ್ಲಿ ಸುತ್ತಿಗೆ. ಸೀದಾ ಬಂದು ನನ್ನ ಜುಟ್ಟು ಹಿಡಿದು ಎಳೆದ. ಅಷ್ಟರಲ್ಲಿ ಅಕ್ಕ ಎದ್ದಳು. ಇವಳು ಸರಿಯಾಗಿಯೇ ತಿರುಗಿಸಿದ್ದಳು, ಆಮೇಲೆ ವಾಪಸು ತಿರುಗಿಸಿಟ್ಟವಳು ತಾನು, ಇವಳಿಗೆ ಗೊತ್ತಿಲ್ಲ ಎಂದಳು. ಭಾವ ನನ್ನನ್ನು ಬಿಟ್ಟ. ಅವಳ ಎಡಗೈಯನ್ನು ಎಳೆದು ಅಡಿಗಲ್ಲಿನ ಮೇಲೆ ಒತ್ತಿದ. ಸಾಲಿನವರೆಲ್ಲ ಆಗಲೇ ತಲೆ ತಗ್ಗಿಸಿದ್ದರು.

"ಅವಳು ಮುಟ್ಟೇ ಇಲ್ಲ ಭಾವ," ಎಂದೆ. "ನಾನು ತಿರುಗಿಸಲೇ ಇಲ್ಲ. ಗೊತ್ತಿದ್ದೇ ನೆಟ್ಟಗಿದೆ ಅಂದೆ."

ತಗ್ಗಿದ್ದ ತಲೆಗಳೆಲ್ಲ ಮೇಲೆದ್ದವು. ಭಾವನ ಸುತ್ತಿಗೆ ನನ್ನ ಭುಜಕ್ಕೆ ಬಿತ್ತು, ಕಣ್ಣು ಕತ್ತಲೆ ಬಂದು ಕುಸಿದೆ. ಅವನು ಮತ್ತೆ ಕೈ ಎತ್ತುವಷ್ಟರಲ್ಲಿ ಅಕ್ಕ ತನ್ನ ಸುತ್ತಿಗೆಯಿಂದ ಅವನ ಮೊಣಕೈಗೆ ಹೊಡೆದಳು. ಅವನು ಬಿದ್ದ ಮೇಲೆ ಮೊಣಕಾಲಿಗೆ ಹೊಡೆದಳು. ಅವನು ಕೂಗುವುದನ್ನು ನಿಲ್ಲಿಸುವವರೆಗೆ ಹೊಡೆದಳು. ನಾಲ್ಕು ಜನ ಸೇರಿ ಅವನನ್ನು ಬಾಗಿಲ ಹಲಗೆಯ ಮೇಲೆ ಹೊತ್ತು ಆಸ್ಪತ್ರೆಗೆ ಒಯ್ದರು. ಬದುಕಿದ, ಆದರೆ ಆ ಕೈ ಮತ್ತೆ ಮಡಚಲಿಲ್ಲ. ಮತ್ತೆ ಅಕ್ಕನ ತಂಟೆಗೆ ಬರಲಿಲ್ಲ.

ಹೊತ್ತವರು ವಾಪಸು ಬಂದ ಮೇಲೆ ಶುರುವಾಯಿತು ನೋಡಿ. ಕೈ ಮುರಿದಾಗ ತುಟಿ ಬಿಚ್ಚದ ಮಹಾನುಭಾವರಿಗೆಲ್ಲ ಈಗ ನಾಲಿಗೆ ಬಂದಿತ್ತು. ಕಲ್ಲಿನ ವಿಷಯದಲ್ಲಿ ಸುಳ್ಳು ಹೇಳಿದವಳ ಪಕ್ಕ ಕೂರುವುದು ಹೇಗೆ, ನಾಳೆ ನಮ್ಮ ಕಣ್ಣಿಗೆ ಯಾರು ಗತಿ ಎಂದು ಒಬ್ಬರಾದ ಮೇಲೆ ಒಬ್ಬರು ಶುರುಹಚ್ಚಿಕೊಂಡರು. ಮೇಸ್ತ್ರಿ ಅಕ್ಕನ ಕಡೆ ತಿರುಗಿ, ಪಕ್ಕದ ಜಾಗ ನಿನ್ನದು, ನೀನೇ ಹೇಳು ಎಂದ. ನಾನು ಹೆದರಲಿಲ್ಲ. ನನ್ನ ಅಕ್ಕ ತಾನೆ. ಅವಳ ಕೈ ಉಳಿಸಿದವಳು ನಾನು ತಾನೆ.

ಅಕ್ಕ ತನ್ನ ಸುತ್ತಿಗೆಯನ್ನು ಕೊರಡಿನ ಮೇಲಿಟ್ಟಳು.

"ಅವನ ಜೊತೆ ಹತ್ತು ವರ್ಷ ಇದ್ದೆ," ಎಂದಳು. "ಯಾವಾಗ ಹೊಡೀತಾನೆ ಅಂತ ಗೊತ್ತಾಗ್ತಿತ್ತು. ನಿನ್ನ ಪಕ್ಕ ಕೂರೋಕೆ ನನ್ನ ಕೈಲಾಗಲ್ಲ. ಏಳು."

ತೊಡೆಯ ತೊಗಲು ಬಿಚ್ಚಿಟ್ಟು ಎದ್ದೆ. ಅಕ್ಕ ಆ ತಿಂಗಳೇ ಕೋಣೆಗೆ ಹೋದಳು, ಹತ್ತೊಂಬತ್ತು ವರ್ಷ ಅದೇ ಎಡಗೈಯಲ್ಲಿ ದುಡಿದು ತಿಂದಳು, ಯಾರ ಮುಂದೆಯೂ ಕೈ ಚಾಚಲಿಲ್ಲ. ನಾನು ಎರಡು ಬೀದಿ ಆಚೆ ಇದ್ದೆ. ಮನೆಗೆ ಹೋದರೆ ಕೂರಿಸಿ ಊಟ ಹಾಕುತ್ತಿದ್ದಳು, ಭುಜಕ್ಕೆ ಎಣ್ಣೆ ಹಚ್ಚಿ ನೀವುತ್ತಿದ್ದಳು. ಶೆಡ್ಡಿನೊಳಕ್ಕೆ ಮಾತ್ರ ಒಂದು ದಿನವೂ ಬಾ ಎನ್ನಲಿಲ್ಲ.