ಕದ ಕೀಳಿಸಿದ ದೊಡ್ಡಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಶಿಶುಪಾಲನಾ ಕೇಂದ್ರದ ಅಡುಗೆಕೋಣೆಯಲ್ಲಿ ಹಾಲಿನ ಬಾಟಲಿಗಳು ಕುದಿಯುವ ನೀರಿನಲ್ಲಿ ಕುಣಿಯುತ್ತಿವೆ. ಕೇಂದ್ರದ ಮುಖ್ಯಸ್ಥೆ, ಟೀಚರುಗಳ ಬಾಯಲ್ಲಿ ದೊಡ್ಡಕ್ಕ, ಸೊಂಟ ಹಿಡಿದುಕೊಂಡಿದ್ದರಿಂದ ಕಾಲಿನಲ್ಲೇ ಚಾಪೆ ಬಿಡಿಸುತ್ತಿದ್ದಾರೆ. ಮಕ್ಕಳು ಬರುವ ಮೊದಲು ನಾಲ್ವರು ಟೀಚರುಗಳೂ ಅದರ ಮೇಲೆ ಕೂತು, ಇವತ್ತು ತಮ್ಮಿಂದ ಏನು ಆಗುವುದಿಲ್ಲ ಎಂದು ಹೇಳಬೇಕು. ಇಲ್ಲಿನ ಪದ್ಧತಿ ಅದು. ಮೊದಲು ಬಾಯಿ ಬಿಡುವವರು ದೊಡ್ಡಕ್ಕನೇ.

ಬಗ್ಗಿ ಮಗು ಎತ್ತಲು ಆಗದು, ಯಾರಾದರೂ ಎತ್ತಿಕೊಡಿ ಎನ್ನುತ್ತಾರೆ ಅವರು. ಇನ್ನೊಬ್ಬರಿಗೆ ತಲೆನೋವು. ಕೊನೆಗೆ ಎಳೆಗೂಸುಗಳ ಕೋಣೆಯ ಹೊಸ ಟೀಚರ್, ಚಾಪೆಯ ಅಂಚು ಕೀಳುತ್ತಾ ಹೇಳುತ್ತಾಳೆ: "ರಾತ್ರಿಯೆಲ್ಲಾ ನನ್ನ ಮಗಳಿಗೆ ಜ್ವರ, ದೊಡ್ಡಕ್ಕ. ಕಣ್ಣು ಮುಚ್ಚಿಲ್ಲ. ನನ್ನ ಕೋಣೇಲಿ ದಿನಾ ಕಿರುಚೋ ಆ ಪಾಪು ಇವತ್ತೂ ಅಳೋಕೆ ಶುರು ಮಾಡಿದ್ರೆ ನನ್ನ ಕೈ ಎದ್ದುಬಿಡತ್ತೇನೋ ಅಂತ ಭಯ."

ಯಾರೂ ಹೌಹಾರುವುದಿಲ್ಲ. ಆ ಪಾಪು ಇವತ್ತು ದೊಡ್ಡಕ್ಕನ ಪಾಲಿಗೆ ಎಂದು ತೀರ್ಮಾನವಾಗುತ್ತದೆ.

ಇಲ್ಲಿ ಯಾವ ಕೋಣೆಗೂ ಕದವಿಲ್ಲ. ತಿರುಪು ಕಿತ್ತ ತೂತುಗಳು ಚೌಕಟ್ಟಿನಲ್ಲಿ ಹಾಗೇ ಇವೆ. ದೊಡ್ಡಕ್ಕ ಬರೀ ಟೀಚರ್ ಆಗಿದ್ದ ಕಾಲದಲ್ಲಿ ಕದಗಳಿದ್ದವು. ಅಂದಿನ ಮುಖ್ಯಸ್ಥೆಯ ಹತ್ತಿರ ಸಹಾಯ ಕೇಳಿದರೆ, ಕೈಲಾಗದವರು ಮನೆಯಲ್ಲಿರಿ ಎಂಬ ಉತ್ತರ ಸಿದ್ಧವಿರುತ್ತಿತ್ತು. ಹಾಗಾಗಿ ಎಂಟು ಕೂಸುಗಳು ಒಟ್ಟಿಗೆ ಅಳತೊಡಗಿದ ದಿನ ಪಕ್ಕದ ಕೋಣೆಯ ಟೀಚರ್, ಸದ್ದು ಹೊರಗೆ ಹೋಗಬಾರದೆಂದು ಕದ ಹಾಕಿಕೊಂಡಳು. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ತೂಗುತ್ತಿದ್ದಾಗ, ಮೂಲೆಯಲ್ಲಿದ್ದ ಮಗು ಹಾಲು ಕಕ್ಕಿ ಉಸಿರುಗಟ್ಟಿತು. ಅದು ಉಳಿಯಲಿಲ್ಲ.

"ಗೋಡೆ ಆಚೆ ನಾನಿದ್ದೆ. ಅಳು ಕಡಿಮೆ ಆಯ್ತು. ಪರವಾಗಿಲ್ಲ, ಸಂಭಾಳಿಸಿದ್ಳು ಅಂದ್ಕೊಂಡೆ," ಎನ್ನುತ್ತಾರೆ ದೊಡ್ಡಕ್ಕ. ಆ ಟೀಚರ್ ಕೆಲಸ ಕಳೆದುಕೊಂಡಳು. ಈಗಲೂ ಪುಟ್ಟ ಮಕ್ಕಳು ಎದುರಾದರೆ ರಸ್ತೆಯ ಆಚೆ ಬದಿಗೆ ಹೋಗುತ್ತಾಳಂತೆ. ಅಂದಿನ ಮುಖ್ಯಸ್ಥೆಯ ಕೂದಲೂ ಕೊಂಕಲಿಲ್ಲ. ಆಕೆ ನಿವೃತ್ತಿಯಾಗಿ ಕುರ್ಚಿ ತಮಗೆ ಬಂದ ದಿನವೇ ದೊಡ್ಡಕ್ಕ ಬಡಗಿಯನ್ನು ಕರೆಸಿದರು.

ಈಗ ದಿನಾ ಬೆಳಿಗ್ಗೆ ಚಾಪೆಯ ಮೇಲೆ ನಡೆಯುವ ಈ ಮಾತುಕತೆ ಕೇಂದ್ರದ ಮಾಲೀಕರ ಕಿವಿಗೆ ಬಿದ್ದಿದೆ. ಒಂದು ದಿನವಾದರೂ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಳ್ಳದ ಪುಣ್ಯಾತ್ಮರು ಅವರು. ಪದೇ ಪದೇ ಸಹಾಯ ಕೇಳುವವರ ಹೆಸರು ಕೊಡಿ, ಬಿಡಿಸಿಬಿಡೋಣ ಎಂದು ಪಟ್ಟು ಹಿಡಿದರು. ಹೊಸ ಟೀಚರಿಗೂ ಇದು ಗೊತ್ತು. ಗೊತ್ತಿದ್ದೇ ಇವತ್ತು ಬಾಯಿ ಬಿಟ್ಟಳು. ದೊಡ್ಡಕ್ಕ ನಿನ್ನೆ ಒಂದೇ ಒಂದು ಹೆಸರು ಕೊಟ್ಟು ಬಂದಿದ್ದಾರೆ, ತಮ್ಮದು. ತಿಂಗಳ ಕೊನೆಗೆ ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ.

ಯಾರೋ ಎತ್ತಿಕೊಟ್ಟ ಪಾಪು ಹೆಗಲ ಮೇಲೆ ಕಿರುಚುತ್ತಿದೆ. ಅದರ ಬೆನ್ನು ತಟ್ಟುತ್ತಾ ಅವರು ಹೇಳುವುದಿಷ್ಟು: "ಬರೋರು ಇವರ ಜೊತೆ ಕೆಳಗೆ ಕೂತು, 'ನನ್ನ ಕೈಲೂ ಆಗಲ್ಲ' ಅಂತ ಒಂದ್ಸಲ ಅಂದ್ರೆ ಸಾಕು. ಈ ಹುಡುಗೀರು ಉಳ್ಕೋತಾರೆ. ಮಕ್ಕಳೂ."